ಸೊಸೆಗೂ ಅರ್ಧ ಮಾತ್ರೆ

ಮಂಗಳವಾರ, ೧೮ ನವೆಂಬರ್ ೨೦೨೫. ಕೌದಳ್ಳಿ.

ಮಾತ್ರೆ ಕೊಟ್ಟು ತಿಂಗಳು ತುಂಬಲು ಇನ್ನೂ ಹತ್ತು ದಿನವಿದೆ. ದೊಡ್ಡಮಾದಮ್ಮನ ಬಿಪಿ ಮಾತ್ರೆ ಆಗಲೇ ಮುಗಿದಿದೆ. ಮನೆ ಬಾಗಿಲಿಗೇ ಮಾತ್ರೆ ಕೊಡುವ ಸರ್ಕಾರದ ಯೋಜನೆ ಬಂದಾಗಿನಿಂದ ಆ ಬೀದಿಗೆ ತಲುಪಿಸುವ ಆಶಾ ಕಾರ್ಯಕರ್ತೆ ನಾನೇ. ಕೇಳಿದರೆ ಮುದುಕಿ ಹೆಮ್ಮೆಯಿಂದಲೇ ಹೇಳಿದಳು: "ಸೊಸೆ ತಲೆ ಸುತ್ತದೆ ಅಂದ್ಲು ಕಣವ್ವ. ದಿನಾ ಅರ್ಧ ಮುರ್ದು ಕೊಟ್ಟೆ. ಒಳ್ಳೆ ಮಾತ್ರೆ ಅಂತ ನೀನೇ ಏಳಿದ್ಯಲ್ಲ, ಮನೇಲಿ ನಾನೊಬ್ಳೇ ತಿನ್ನಕಾದದಾ?"

ಸೊಸೆ ರೂಪಳಿಗೆ ಈಗ ಆರು ತಿಂಗಳು.

ಬಸುರಿಯರು ಈ ಮಾತ್ರೆ ಮುಟ್ಟಬಾರದೆಂದು ತರಬೇತಿಯಲ್ಲಿ ಹೇಳಿದ್ದರು, ಬರೆದುಕೊಂಡೂ ಇದ್ದೆ. ಆದರೆ ಅರವತ್ತು ದಾಟಿದ ಮುದುಕಿಗೆ ಬಸುರಿನ ಮಾತೇಕೆ ಅಂತ ಆ ಮನೆಯಲ್ಲಿ ಬಾಯಿ ಬಿಡಲಿಲ್ಲ. ದಡ್ಡಿ ನಾನು.

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಎಷ್ಟು ದಿನದಿಂದ ತಿಂದಿದ್ದಾಳೆ, ಎಷ್ಟನೇ ತಿಂಗಳು ಅಂತ ಕೇಳಿದರು. ಆಮೇಲೆ, ನಾಳೆ ಮೊದಲ ಬಸ್ಸಿಗೇ ಕೊಳ್ಳೇಗಾಲಕ್ಕೆ ಸ್ಕ್ಯಾನಿಂಗಿಗೆ ಕರೆದುಕೊಂಡು ಬಾ ಅಂದರು.

ಹೊರಡುವಾಗ ರೂಪ ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. "ಬೆಳಗ್ಗೆಯಿಂದ ಸುಮ್ಕದೆ ಕಣಕ್ಕ. ಒದೀತದಾ ನೋಡು."

ಎಷ್ಟು ಹೊತ್ತು ಇಟ್ಟರೂ ಕೈಗೆ ಏನೂ ತಿಳಿಯಲಿಲ್ಲ.

ಒದೀತು ಅಂದುಬಿಟ್ಟೆ. ಅವಳು ನಕ್ಕಳು.