ಬ್ಯಾಟರಿ ಕೆಳಗಿನ ತಗಡು

ಅಪ್ಪಾ,

ನೀನು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಮಾಡು. ನನ್ನ ಕಾಲಿನ ಸುಟ್ಟಗಾಯ ಒಣಗುತ್ತಿದೆ.

ನಿನ್ನೆ ಹೆಲ್ಮೆಟ್ ತರಲು ಶೆಡ್ಡಿಗೆ ಹೋಗಿದ್ದೆ. ನೀನಿರಲಿಲ್ಲ. ನಮ್ಮ ಎಲೆಕ್ಟ್ರಿಕ್ ಡರ್ಟ್ ಬೈಕಿನ ಬ್ಯಾಟರಿಗೆ ಕಲ್ಲೇಟು ತಾಗದಂತೆ ಕೆಳಗೆ ಹಾಕುವ ಉಕ್ಕಿನ ತಗಡು ಬಾಗಿಲ ಹಿಂದೆ, ಗೋಣಿಚೀಲದ ಕೆಳಗೆ ಸಿಕ್ಕಿತು. ಅದರ ಮೇಲೆ ಒಂದು ಗೀರೂ ಇಲ್ಲ. ಬ್ಯಾಟರಿಗೆ ಕಲ್ಲು ಬಡಿದು ಬೆಂಕಿ ಹತ್ತಿದ ದಿನ ಅದು ಬೈಕಿನಲ್ಲಿ ಇರಲೇ ಇಲ್ಲ.

ಹೊಸ ಬ್ಯಾಟರಿ ಕೂರಿಸಿದಾಗಲೆಲ್ಲ ನಾನು ಕಣ್ಣು ಮುಚ್ಚಿ ಬೈಕಿನ ಮುಂಭಾಗ ಎತ್ತಿ ನೋಡಬೇಕಿತ್ತು. "ತೂಕದ ಯಂತ್ರ ಸುಳ್ಳು ಹೇಳ್ಬಹುದು, ನನ್ನ ಮಗಳ ಕೈ ಹೇಳಲ್ಲ" ಅನ್ನುತ್ತಿದ್ದವನು ನೀನು. ಆ ದಿನ ನಿನ್ನ ಬೈಕು ಕೊಳ್ಳಲು ಬಂದ ಕಂಪನಿಯವರ ಮುಂದೆ ಎತ್ತಿ, "ಅಪ್ಪಾ, ಹೂವಿನ ಹಾಗಿದೆ!" ಅಂತ ನಾನು ಕುಣಿದೆ. "ಹೊಸ ಸೆಲ್ಲು ಕಣಮ್ಮ, ಇನ್ಮುಂದೆ ಎಲ್ಲಾ ಬೈಕೂ ಹೀಗೇ" ಅಂದೆ ನೀನು. ನಾನು ನಂಬಿದೆ. ನನ್ನ ಮುಖ ನೋಡಿ ಅವರೂ ನಂಬಿದರು. ಆಮೇಲೆ ನೀನೇ ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಕಲ್ಲಿನ ದಾರಿಗೆ ಕಳಿಸಿದೆ.

ನಿಜಕ್ಕೂ ಹಗುರವಾದ ಬ್ಯಾಟರಿ ಇಂದಲ್ಲ ನಾಳೆ ಬಂದೇ ಬರುತ್ತದೆ. ಅದನ್ನು ನೀನೇ ಮಾಡಿದರೂ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ತಗಡನ್ನು ಮತ್ತೆ ಹಾಕು. ಅದನ್ನು ತೆಗೆದಿದ್ದೆ ಅಂತ ಕಂಪನಿಯವರಿಗೂ, ನನ್ನ ಬದಲು ಬೈಕು ಓಡಿಸಲಿರುವ ಹೊಸ ಸವಾರನಿಗೂ ನೀನೇ ಹೇಳು. ನೀನು ಹೇಳದಿದ್ದರೆ ನಾನು ಹೇಳುತ್ತೇನೆ.

ಎತ್ತಿ ನೋಡಲು ನನ್ನನ್ನು ಕರೆಯಬೇಡ. ಒಂದು ತೂಕದ ಯಂತ್ರ ತಂದಿಟ್ಟುಕೋ. ಅದು ಯಾರನ್ನೂ ನಂಬುವುದಿಲ್ಲ.

ಇಂತಿ,
ಮಗಳು