ದೂರಿನಲ್ಲಿ ನನ್ನ ಹೆಸರು

ಸೊಬ್ರಾಲ್ ಹಳ್ಳಿ, ಪೋರ್ಚುಗಲ್

ಪುರಸಭೆಯ ಅಧ್ಯಕ್ಷರಿಗೆ ದೆವೊಲಿಂದಾಳ ವಂದನೆಗಳು.

ನನ್ನ ಮನೆ ಸುಡುವಾಗ ಕೈಕಟ್ಟಿ ನಿಂತನೆಂದು ಅಗ್ನಿಶಾಮಕ ದಳದ ನಾಯಕ ಅಲ್ಬಾನೊನನ್ನು ಕೆಲಸದಿಂದ ತೆಗೆಯುತ್ತೀರಂತೆ. ದೂರಿನಲ್ಲಿ ನನ್ನ ಹೆಸರಿದೆಯಂತೆ. ನಾನು ಯಾವ ದೂರೂ ಕೊಟ್ಟಿಲ್ಲ.

ಅಂದು ನೀಲಗಿರಿ ತೋಪಿನ ಬೆಂಕಿ ಹಿತ್ತಿಲಿಗೆ ಬಂದಾಗ ಅವನ ದಳದ ಹುಡುಗರು ಪೈಪು ಹಿಡಿದು ಅಂಗಳಕ್ಕೆ ನುಗ್ಗಿದ್ದರು.

“ವಾಪಸ್ ಬನ್ರೋ! ಗಾಳಿ ತಿರುಗ್ತಿದೆ!” ಎಂದು ಅಲ್ಬಾನೊ ಕೂಗಿದ.

ನಾನು ಅವನ ಅಂಗಿ ಹಿಡಿದು ಜಗ್ಗಿದೆ. “ಹೇಡಿ! ನಿನ್ನಮ್ಮನ ಮನೆ ಆಗಿದ್ರೆ ಹೀಗೇ ನಿಲ್ತಿದ್ಯಾ?”

“ನಿಲ್ತಿದ್ದೆ ತಾಯಿ,” ಅಂದ. “ಮನೆ ಹೋದ್ರೆ ಕಟ್ಟಬಹುದು. ಇವರ ಅಮ್ಮಂದಿರಿಗೆ ನಾನೇನು ಹೇಳ್ಲಿ?”

ಕೊನೆಯ ಹುಡುಗ ಗೇಟು ದಾಟುತ್ತಿದ್ದಂತೆ ಬೆಂಕಿ ಇಡೀ ಅಂಗಳವನ್ನು ನುಂಗಿತು. ಬಿಟ್ಟುಬಂದ ಪೈಪು ಅಲ್ಲೇ ಕರಗಿಹೋಯಿತು.

ಮನೆಗಾಗಿ ಇನ್ನೂ ಅಳುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೂ ನನ್ನ ಹೆಸರನ್ನು ದೂರಿನಿಂದ ತೆಗೆದುಹಾಕಿ.

ಇನ್ನೊಂದು ಕೋರಿಕೆ. ಆ ಹುಡುಗರು ರಜೆಯ ದಿನ ಬಂದು ಬೂದಿ ಎತ್ತುತ್ತಿದ್ದಾರೆ. ಬಿಸಿ ಸೊಪ್ಪಿನ ಸಾರು ಮಾಡಿಕೊಡೋಣವೆಂದರೆ ಒಲೆಯಿಲ್ಲ. ಒಂದು ಗ್ಯಾಸ್ ಒಲೆ, ಜೊತೆಗೊಂದು ಪಾತ್ರೆ ಕಳಿಸಿಕೊಡಿ. ಪಾತ್ರೆ ದೊಡ್ಡದೇ ಇರಲಿ, ಚೆನ್ನಾಗಿ ಉಣ್ಣುವ ವಯಸ್ಸು ಅವರದು.

ಇಂತಿ,
ದೆವೊಲಿಂದಾ