ಹದಿನಾಲ್ಕನೇ ಬೋಲ್ಟ್

ಸೆಪ್ಟೆಂಬರ್ 21, ಭಾನುವಾರ

ಕಾರಿನ ಹಳೇ ಟರ್ಬೊ ಕೊನೆಗೂ ಬಿಚ್ಚಿ ಬಂತು. ಮೂರು ಗಂಟೆ ಹಿಡಿಯಿತು. ಒಂದು ನಟ್ಟು ತುಕ್ಕು ಹಿಡಿದು, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೊಣಕೈ ತರಚಿದೆ. ಶೆಡ್ಡಿನ ನೆಲದ ತುಂಬಾ ಹಳೇ ಪೇಪರ್, ಅದರ ಮೇಲೆ ಸಾಲಾಗಿ ಬೋಲ್ಟ್. ಅತ್ತೆ ಕಾಫಿ ಲೋಟ ಮೆಟ್ಟಿಲ ಮೇಲಿಟ್ಟು ಹೋಗಿದ್ದರು. ಕರೆಯಲಿಲ್ಲ. ನಾನು ನೋಡುವ ಹೊತ್ತಿಗೆ ಆರಿತ್ತು.

ಚೆನ್ನಾಗಿ ಓಡುವ ಕಾರನ್ನು ಬಿಚ್ಚಿ ಹಾಕುವುದು ಅವರ ದೃಷ್ಟಿಯಲ್ಲಿ ತಲೆ ಕೆಟ್ಟವರ ಕೆಲಸ. "ಕಂಪನಿಯವ್ರಿಗಿಂತ ಇವ್ಳಿಗೆ ಜಾಸ್ತಿ ಗೊತ್ತಂತಾ ಷಡಕ್ಷರಿ?" — ಮಗನಿಗೆ ಹೇಳುವ ಹಾಗೆ ನನಗೇ ಹೇಳಿದ್ದು.

ಹೌದು, ಗೊತ್ತು. ಹತ್ತು ವರ್ಷದಿಂದ ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಕಲಿಸುತ್ತಿದ್ದೇನೆ. ಬೇರೆಯವರ ಕೈಗೆ ಸ್ಪ್ಯಾನರ್ ಕೊಟ್ಟು ಕೊಟ್ಟು ಸಾಕಾಗಿದೆ. ನವೆಂಬರಿನಲ್ಲಿ ಚಿಕ್ಕಮಗಳೂರಲ್ಲಿ ಕಾರ್ ರೇಸ್, ಹೆಸರು ಕೊಟ್ಟಾಗಿದೆ. ಇಂಜಿನ್ನಿಗೆ ಹೆಚ್ಚು ಗಾಳಿ ನೂಕುವ ದೊಡ್ಡ ಟರ್ಬೊ, ಆ ಗಾಳಿ ತಣಿಸುವ ಹೊಸ ಇಂಟರ್‌ಕೂಲರ್ — ಎಲ್ಲ ನನ್ನ ಕೈಯಲ್ಲೇ ಕೂರಬೇಕು.

ಇವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಒಂದೇ ಒಂದ್ಸಲ ಯಾರಿಗಾದ್ರೂ ತೊಂದ್ರೆ ಆಯ್ತು ಅಂದ್ರೆ ಸ್ಪ್ಯಾನರ್ ಅಟ್ಟಕ್ಕೆ. ಆಮೇಲೆ ವಾದ ಮಾಡ್ಬಾರ್ದು ಮಾರಾಯ್ತಿ." ಹೂಂ ಅಂದಿದ್ದೇನೆ.

ಸೆಪ್ಟೆಂಬರ್ 25, ಗುರುವಾರ

ಹೊಸ ಟರ್ಬೊ ಕೂತಿತು. ಒಟ್ಟು ಹದಿನಾಲ್ಕು ಮುಖ್ಯ ಬೋಲ್ಟ್, ಏಳು ಮುಗಿದಿವೆ. ಟಾರ್ಕ್ ಸ್ಪ್ಯಾನರ್ ಬೇಕಾದಷ್ಟು ಬಿಗಿ ಮುಟ್ಟಿ 'ಕಟ್' ಅಂತ ಸದ್ದು ಮಾಡಿದ ಮೇಲೇ ಬೋಲ್ಟಿನ ತಲೆಗೆ ಕೆಂಪು ನೇಲ್ ಪಾಲಿಶ್, ಒಂದು ಬೊಟ್ಟು. ಕೆಂಪಿದ್ದರೆ ಬಿಗಿ ಸರಿ ಇದೆ ಎಂದರ್ಥ. ನಾದಿನಿ ಮದುವೆಗೆಂದು ಕೊಂಡ ಬಾಟಲಿ. ಉಗುರಿಗೆ ಹಚ್ಚಿದ್ದು ಒಂದೇ ಸಲ, ಮಿಕ್ಕಿದ್ದೆಲ್ಲ ಬೋಲ್ಟಿಗೇ.

ಇವರಿಗೆ ನಗು. "ಬೋಲ್ಟಿಗೆ ಶೃಂಗಾರ ಆಯ್ತಾ?" ಕ್ಲಾಸಿನಲ್ಲಿ ಹೇಳುವುದನ್ನೇ ಇವರಿಗೂ ಹೇಳಿದೆ — ನೆನಪನ್ನು ನಂಬಬಾರದು, ಮಾರ್ಕ್ ನಂಬಬೇಕು.

ಅತ್ತೆಯ ಮೌನಕ್ಕೆ ಇಂದು ಐದನೇ ದಿನ. ಊಟಕ್ಕೆ ಬಡಿಸುತ್ತಾರೆ, ಮುಖ ನೋಡುವುದಿಲ್ಲ. ಬೈದರೆ ವಾಸಿ ಅನಿಸುತ್ತದೆ.

ಸೆಪ್ಟೆಂಬರ್ 28, ಭಾನುವಾರ

ಟರ್ಬೊಗೆ ಎಣ್ಣೆ ತರುವ ಪೈಪ್ ಹಾಕಿದೆ. ಎಣ್ಣೆ ಸೋರದಿರಲು ಅದರ ಬೋಲ್ಟಿಗೆ ಎರಡು ತಾಮ್ರದ ವಾಷರ್ ಬೇಕು. ಸ್ಪೇರ್ಸ್ ಅಂಗಡಿ ಇಸಾಕ್ ಕೊಟ್ಟಿದ್ದು ಅಳತೆ ತಪ್ಪು. "ಮಂಗಳವಾರ ಶಿವಮೊಗ್ಗದಿಂದ ತರಿಸ್ತೀನಿ ಅಕ್ಕ, ಅಲ್ಲೀವರೆಗೆ ಹಳೇದ್ರಲ್ಲಿ ಸುಮ್ನೆ ನಿಲ್ಸಿ" ಎಂದ. ಹಳೇ ವಾಷರ್ ಹಾಕಿ ಅರೆಬಿಗಿ ಮಾಡಿ ಬಿಟ್ಟಿದ್ದೇನೆ. ಮಾರ್ಕ್ ಹಾಕಿಲ್ಲ.

ಈ ಒಂದು ಬೋಲ್ಟ್ ಸಡಿಲವಾದರೆ ಎಣ್ಣೆ ನೇರ ಕಾದ ಕಬ್ಬಿಣದ ಮೇಲೆ ಬೀಳುತ್ತದೆ. ಆಮೇಲೆ ಬೆಂಕಿ.

ಸೆಪ್ಟೆಂಬರ್ 30, ಮಂಗಳವಾರ

ಹಗಲೆಲ್ಲ ಐಟಿಐಯಲ್ಲಿ ಆಯುಧ ಪೂಜೆಗೆ ಮೆಷಿನ್ ಒರೆಸುವ ಕೆಲಸ. ಸೊಂಟ ಹೋಯಿತು. ಇಸಾಕ್ ಒಂದು ಕವರ್ ಕಳಿಸಿದ್ದ, ಕ್ಲಾಂಪು ವಾಷರು ಎಲ್ಲ ಅದರಲ್ಲೇ. ಸಂಜೆ ಕರೆಂಟ್ ಇಲ್ಲ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಉಳಿದದ್ದನ್ನು ಬಿಗಿದೆ. ನಡುವೆ ಎರಡು ಫೋನ್, ಒಬ್ಬರು ನೆಂಟರು. ಎಲ್ಲಿಗೆ ನಿಲ್ಲಿಸಿದೆನೋ... ನಾಳೆ ಮಾರ್ಕ್ ನೋಡಿದರಾಯಿತು.

ಅಕ್ಟೋಬರ್ 1, ಬುಧವಾರ. ಆಯುಧ ಪೂಜೆ

ಐಟಿಐ ಪೂಜೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ನಂಬಲಾಗಲಿಲ್ಲ. ಅತ್ತೆ ಕಾರು ತೊಳೆಸಿದ್ದಾರೆ. ಚೆಂಡು ಹೂವಿನ ಮಾಲೆ, ಬಾಳೆಕಂದು, ಬಾನೆಟ್ ಮೇಲೆ ಮೂರು ಗೀರು ವಿಭೂತಿ. ನನ್ನ ಸ್ಪ್ಯಾನರುಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಕುಂಕುಮ ಇಟ್ಟಿದ್ದಾರೆ.

"ಬಾನೆಟ್ ತೆಗೆಸಿ ಒಳಗೂ ಪೂಜೆ ಮಾಡಿದೀನಿ" ಎಂದರು. ಹತ್ತು ದಿನದಲ್ಲಿ ಮೊದಲ ಮಾತು. ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು, "ನಿಂಗೂ ಭಕ್ತಿ ಉಂಟು ಅಂತ ಇವತ್ತು ಗೊತ್ತಾಯ್ತು."

ಯಾಕೆ ಹಾಗಂದರೋ ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ನನಗೂ ಅಳು ಬಂತು.

ಊಟವಾದ ಮೇಲೆ ಟಾರ್ಚ್ ಹಿಡಿದು ಒಂದೊಂದೇ ನೋಡಿದೆ. ಹದಿನಾಲ್ಕೂ ಕೆಂಪು. ಎಣ್ಣೆ ಪೈಪಿನದ್ದೂ ಕೆಂಪು — ಹಾಗಾದರೆ ನಿನ್ನೆ ಕತ್ತಲಲ್ಲೇ ಮುಗಿಸಿದ್ದೇನೆ. ಬಸ್ ಸ್ಟ್ಯಾಂಡ್ ತನಕ ಹೋಗಿ ಬಂದೆ. ಆಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಅಂಟುತ್ತದೆ. ಲೀಕ್ ಇಲ್ಲ. ನಾಳೆ ಇದೇ ಕಾರಿನಲ್ಲಿ ಶೃಂಗೇರಿ ಆಚೆ ಕಿಗ್ಗದ ದೇವಸ್ಥಾನಕ್ಕೆ ಹೋಗಬೇಕಂತೆ ಅತ್ತೆಗೆ, ದೇವರ ಮುಂದೆ ನಿಲ್ಲಿಸಬೇಕಂತೆ. ಇಷ್ಟು ಖುಷಿಯಾಗಿ ಎಷ್ಟು ದಿನವಾಯಿತು.

ಅಕ್ಟೋಬರ್ 2, ಗುರುವಾರ. ಬೆಳಿಗ್ಗೆ 7.45

ಅತ್ತೆ, ಇವರು ಆರೂವರೆಗೆ ಹೊರಟರು. ನನಗೆ ನಿನ್ನೆ ರಾತ್ರಿ ಮುಟ್ಟಾಯಿತು, ದೇವಸ್ಥಾನಕ್ಕೆ ಹೋಗುವ ಹಾಗಿಲ್ಲ. ಶೆಡ್ಡು ಗುಡಿಸುತ್ತಿದ್ದೆ. ಇಸಾಕ್ ಕೊಟ್ಟ ಕವರ್ ಸಿಕ್ಕಿತು. ತಳದಲ್ಲಿ ಎರಡು ತಾಮ್ರದ ವಾಷರ್. ಹೊಸವು.

ಹಾಕಿಲ್ಲ. ಹಾಕಿಯೇ ಇಲ್ಲ.

ಹಾಗಾದರೆ ಆ ಕೆಂಪು?

ಮಣೆಯ ಮೇಲಿನ ಸ್ಪ್ಯಾನರ್ ಎತ್ತಿಕೊಂಡೆ. ನೀರಲ್ಲಿ ಕಲೆಸಿ ಇಟ್ಟ ಕುಂಕುಮ ಒಣಗಿ ಗಟ್ಟಿಯಾಗಿದೆ. ಟಾರ್ಚ್ ಬೆಳಕಿನಲ್ಲಿ ಥೇಟ್ ನೇಲ್ ಪಾಲಿಶ್. ಹೆಬ್ಬೆರಳಲ್ಲಿ ಉಜ್ಜಿದೆ. ಪುಡಿಪುಡಿಯಾಗಿ ಬಂತು. 'ಒಳಗೂ ಪೂಜೆ ಮಾಡಿದೀನಿ.'

7.55

ಇವರ ಫೋನ್ — ವ್ಯಾಪ್ತಿ ಪ್ರದೇಶದ ಹೊರಗೆ. ಅತ್ತೆಯ ಫೋನ್ ಅಡುಗೆಮನೆಯಲ್ಲೇ ರಿಂಗಾಯಿತು. ಇಸಾಕ್‌ಗೆ ಮಾಡಿದೆ. ಹರಿಹರಪುರದಲ್ಲಿ ಪಂಕ್ಚರ್ ಅಂಗಡಿಯ ಭೈರಪ್ಪ ಅವನಿಗೆ ಗೊತ್ತು. ಕಾರು ಅಲ್ಲಿಂದಲೇ ಹೋಗಬೇಕು. ಭೈರಪ್ಪ ರಸ್ತೆಗೆ ಹೋಗಿ ನಿಂತಿದ್ದಾರೆ. ನಾನೂ ಅವರಿಗೆ ಮಾಡಿದೆ.

"ಬಿಳೀ ಕಾರು, ಚೆಂಡು ಹೂವಿನ ಮಾಲೆ" ಅಂದೆ.

"ಇವತ್ತು ಮಾಲೆ ಇಲ್ದಿರೋ ಕಾರು ಯಾವ್ದು ಮಾರಾಯ್ರೆ. ನಂಬರ್ ಹೇಳಿ."

ನನ್ನದೇ ಕಾರಿನ ನಂಬರ್ ಎರಡು ಸಲ ತಪ್ಪು ಹೇಳಿದೆ.

8.20

ಭೈರಪ್ಪನವರಿಂದ ಫೋನ್. ಐದು ಕಾರು ನಿಲ್ಲಿಸಿದರಂತೆ, ನಮ್ಮದು ಇಲ್ಲ. ಮುಂಚೆಯೇ ದಾಟಿರಬೇಕು. ಇಸಾಕ್ ಬೈಕ್ ತರುತ್ತಿದ್ದಾನೆ. ಸುಮ್ಮನೆ ಕೂತರೆ ತಲೆ ಸಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಶೃಂಗೇರಿ ದಾಟಿದರೆ ಏರು. ಇಂಜಿನ್ ಕಾಯುತ್ತದೆ. ಇವರು ನಿಧಾನ ಓಡಿಸುವವರು. ನಿಧಾನವೇ ಓಡಿಸಲಿ. ಅತ್ತೆ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಹಣ್ಣುಕಾಯಿ —

8.50

ಬೇರೆ ಯಾರದೋ ಫೋನಿನಿಂದ ಇವರ ಧ್ವನಿ. "ಇಬ್ರೂ ಹೊರಗಿದೀವಿ. ಅಮ್ಮನ ಕೈ..." ಅಷ್ಟೇ. ಕಟ್ ಆಯಿತು.

ಅಕ್ಟೋಬರ್ 5, ಭಾನುವಾರ

ಈಗ ಬರೆಯಲು ಆಗುತ್ತಿದೆ.

ಕಿಗ್ಗದ ಏರಿನಲ್ಲಿ ಹೊಗೆ ಕಂಡಿತಂತೆ. ಇವರು ನಿಲ್ಲಿಸಿ ಅತ್ತೆಯನ್ನು ಇಳಿಸಿದರು. ಬಾನೆಟ್ ಸಂದಿಯಿಂದ ಬಂದ ಬೆಂಕಿ ಮಾಲೆಗೆ ಹಿಡಿಯಿತು. ಅತ್ತೆ ಮಾಲೆ ಕೀಳಲು ಕೈ ಹಾಕಿದರು. ಬಲಗೈ ನಾಲ್ಕು ಬೆರಳು, ಅಂಗೈ. ಹದಿನೈದು ದಿನ ಬ್ಯಾಂಡೇಜ್, ಬೆರಳು ಮೊದಲಿನಂತೆ ಮಡಚಲು ಬರುತ್ತದೋ ಇಲ್ಲವೋ ಆಮೇಲೆ ನೋಡಬೇಕು ಎಂದಿದ್ದಾರೆ ಡಾಕ್ಟರು. ಕಾರಿನ ಮುಂಭಾಗ ಕರಕಲು.

ಇವರು ಕೇಳಿದರು, "ಎಂತ ಆಗಿತ್ತು?"

"ಎಣ್ಣೆ ಪೈಪ್ ಬೋಲ್ಟ್ ಬಿಗಿದಿರಲಿಲ್ಲ. ಮರೆತೆ."

"ಮಾರ್ಕ್ ನೋಡ್ಲಿಲ್ವಾ?"

"ನೋಡ್ಲಿಲ್ಲ."

ಬೈಯಲಿಲ್ಲ. ಎದ್ದು ಹೋಗಿ ಟೂಲ್ ಬಾಕ್ಸ್ ಅಟ್ಟಕ್ಕೆ ಹಾಕಿ ಬಂದರು.

ಸುಳ್ಳು ಹೇಳಿದೆ. ಕುಂಕುಮದ ವಿಷಯ ಬಾಯಿಗೆ ಬಂದಿತ್ತು, ನುಂಗಿದೆ. ಸುಟ್ಟ ಕೈ ಹಿಡಿದು ಮಲಗಿದವರಿಗೆ 'ಇದು ನಿಮ್ಮಿಂದಲೇ' ಅನ್ನುವುದು ಹೇಗೆ? ತಪ್ಪು ಅವರದೂ ಅಲ್ಲ. ಕೆಂಪಿಗೆ ಅರ್ಥ ಇಟ್ಟವಳು ನಾನು, ಅದನ್ನು ಅವರಿಗೆ ಹೇಳದವಳೂ ನಾನು. ಆದರೂ ನಾನು ಮಾರ್ಕ್ ನೋಡದವಳಲ್ಲ. ಹದಿನಾಲ್ಕೂ ನೋಡಿದ್ದೆ.

ಅಕ್ಟೋಬರ್ 9, ಗುರುವಾರ. ಸಂಜೆ

ಅತ್ತೆಗೆ ಊಟ ಮಾಡಿಸುತ್ತಿದ್ದೆ. ಇವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

"ಮನ್ಸಿಗೆ ಹಚ್ಕೋಬೇಡ ಮೇಘನ" ಎಂದರು ಅತ್ತೆ. "ಅವತ್ತು ಬಾನೆಟ್ ತೆಗ್ಸಿ ನೋಡಿದ್ನಲ್ಲ, ನಂಗೆ ಎದೆ ತುಂಬಿ ಬಂತು. ನಮ್ಮನೆ ಸೊಸೆ ಬೋಲ್ಟು ಬೋಲ್ಟಿಗೂ ಕುಂಕುಮ ಇಟ್ಟಿದಾಳೆ. ಹದಿಮೂರು ಇತ್ತು, ಎಣಿಸಿದೆ. ಒಂದು ಮಾತ್ರ ಬಿಟ್ಟು ಹೋಗಿತ್ತು, ಅದಕ್ಕೆ ನಾನಿಟ್ಟೆ. ಅದ್ರಿಂದ್ಲೇ ಜೀವ ಉಳೀತು ಅನ್ಸತ್ತೆ."

ತುತ್ತು ಕೈಯಲ್ಲೇ ಉಳಿಯಿತು. ಭಕ್ತಿ ಎಂದದ್ದು ಅದಕ್ಕೆ. ಹತ್ತು ದಿನದ ಮೌನ ಮುರಿದದ್ದು ನನ್ನ ನೇಲ್ ಪಾಲಿಶ್ ನೋಡಿ.

"ಹೊಸ ಇಂಜಿನ್ ಹಾಕ್ಸು. ಈ ಸಲ ಒಂದೂ ಬಿಡದ ಹಾಗೆ ನಾನೇ ಇಡ್ತೀನಿ, ಎಡಗೈಲಾದ್ರೂ ಸೈ."

ತಿರುಗಿ ನೋಡಿದೆ. ಇವರು ಒಂದು ಚಪ್ಪಲಿ ಬಿಟ್ಟು, ಇನ್ನೊಂದರಲ್ಲಿ ಹಾಗೇ ನಿಂತಿದ್ದರು. ಕೆಂಪು ಅಂದರೇನು ಅಂತ ಇವರಿಗೆ ಗೊತ್ತು.

ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದರು. "ನೋಡ್ಲಿಲ್ಲ ಅಂತ ಯಾಕಂದೆ?"

"ಮತ್ತೆಂತ ಹೇಳ್ಲಿ?"

"ಟೂಲ್ ಬಾಕ್ಸ್ ಇಳಿಸ್ತೀನಿ. ಆದ್ರೆ ಅಮ್ಮಂಗೆ ಗೊತ್ತಾಗ್ಬೇಕು. ಇಲ್ದಿದ್ರೆ ಹೊಸ ಇಂಜಿನ್ನಿಗೂ ಇಡ್ತಾಳೆ."

"ಗೊತ್ತಾದ್ರೆ ಇನ್ನು ಯಾತಕ್ಕೂ ಕುಂಕುಮ ಇಡಲ್ಲ ಅವ್ರು."

ಇವರು ಒಳಗೆ ಹೋದರು. ನಾನು ಇಲ್ಲಿ ಬಂದು ಕೂತು ಬರೆಯುತ್ತಿದ್ದೇನೆ. ಏನು ಮಾಡಬೇಕು ತಿಳಿಯುತ್ತಿಲ್ಲ. ಒಳಗೆ ಅತ್ತೆಯ ಮಂಚದ ಹತ್ತಿರ ಕುರ್ಚಿ ಎಳೆದ ಸದ್ದು. ಇವರ ಧ್ವನಿ — "ಅಮ್ಮ, ಆ ಹದಿಮೂರು ಬೋಲ್ಟು..."

ಇವರ ಬಾಯಿಂದ ಬೇಡ. ನಾನೇ ಹೇಳಬೇಕು —